ಅನುಭವಕ್ಕೆ ಅಂಕಿ ಹಾಕಿದವರು

ನಮ್ಮ ವಿಜಯಪುರ ಜಿಲ್ಲೆಯಲ್ಲಿ ‘ಲೆವೆಲ್’ ಎಂಬ ಇಂಗ್ಲಿಷ್ ಪದ ಯಾರ ಕಿವಿಗೂ ಹೊಸದಲ್ಲ. ಬಸವನ ಬಾಗೇವಾಡಿಯ ಕಡೆಯವರ ಬಾಯಲ್ಲಿ ಆ ಮಾತು ಬಂದಿತೆಂದರೆ ಅದು ಆಲಮಟ್ಟಿಯ ಜಲಾಶಯದ ಮಟ್ಟವೆಂದೇ ತಿಳಿಯಬೇಕು. 519.60 ಮೀಟರೋ, 524.256 ಮೀಟರೋ ಎಂಬ ಎರಡು ಸಂಖ್ಯೆಗಳ ನಡುವಣ ಅಂತರ ಐದು ಮೀಟರಿಗಿಂತ ಕಡಿಮೆಯೇ. ಆದರೆ ಎಷ್ಟೋ ಊರುಗಳ ಹೊಲಮನೆಗಳ ಹಣೆಬರಹ ಆ ಅಂತರದಲ್ಲಿ ಅಡಗಿ ಕುಳಿತಿದೆ. ಆದ್ದರಿಂದ, ಕಳೆದ ಮುಂಗಾರಿನ ಆರಂಭದಲ್ಲಿ ಸಿಂದಗಿಯ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗನು ಊಟದ ಹೊತ್ತಿಗೆ ಕೋಣೆಯೊಳಗಿನಿಂದಲೇ, “ಇನ್ನ ಒಂದ ಲೆವೆಲ್ ಏರಿಸಿ ಬರ್ತೀನ್ರಿ ಮಾಮಾ!” ಎಂದು ಕೂಗಿದಾಗ ನನ್ನ ತಾಯಿಯವರು ಗಾಬರಿಯಿಂದ, “ಮತ್ತ ಏರಿಸ್ತಾರಂತೇನೋ?” ಎಂದು ಕೇಳಿದ್ದು ಸಹಜವೇ ಆಗಿತ್ತು.

ಅವನು ಏರಿಸುತ್ತಿದ್ದುದು ನೀರನ್ನಲ್ಲ. ಮೊಬೈಲಿನ ಗಾಜಿನೊಳಗೆ ಕತ್ತಿ ಹಿಡಿದು ಓಡಾಡುತ್ತಿದ್ದ, ಹೆಬ್ಬೆರಳಿನಷ್ಟು ಗಾತ್ರದ ಒಬ್ಬ ವೀರನನ್ನು. ಈ ಜಾತಿಯ ಆಟಗಳು ಜಪಾನಿನಲ್ಲಿ ಬೆಳೆದುಬಂದವು. ಆಡುವವನು ಒಂದು ಕಥೆಯ ಪಾತ್ರವನ್ನು ವಹಿಸಿಕೊಂಡು ಊರೂರು ಅಲೆಯುತ್ತಾನೆ, ಭೂತ ಬೇತಾಳಗಳೊಡನೆ ಕಾದುತ್ತಾನೆ. ಗೆದ್ದ ಪ್ರತಿಯೊಂದು ಕಾಳಗಕ್ಕೂ ಇಂತಿಷ್ಟೆಂದು ಅಂಕಗಳು ದೊರೆಯುತ್ತವೆ. ಅವುಗಳಿಗೆ ಆಟದ ಭಾಷೆಯಲ್ಲಿ ‘ಅನುಭವಾಂಕ’ವೆಂದು ಹೆಸರು. ಅಂಕಗಳು ಗೊತ್ತಾದ ಮೊತ್ತಕ್ಕೆ ತಲಪಿದೊಡನೆ ವೀರನು ಒಂದು ಮೆಟ್ಟಿಲು ಮೇಲೇರುತ್ತಾನೆ; ತುತ್ತೂರಿಯ ಸಣ್ಣ ದನಿಯೊಂದು ಕೇಳುತ್ತದೆ; ಅವನ ಬಲ, ಚುರುಕು, ತಾಳಿಕೆ ಎಲ್ಲವೂ ಒಂದೊಂದು ತೂಕ ಹೆಚ್ಚುತ್ತವೆ. ಅನುಭವಕ್ಕಾಗಿ ಒಂದು ಮಂಟಪವನ್ನೇ ಕಟ್ಟಿದ ಬಸವಣ್ಣನವರ ಹುಟ್ಟೂರಿನ ಸೀಮೆಯವನಾದ ನನಗೆ, ಅನುಭವವನ್ನು ಕಿರಾಣಿ ಅಂಗಡಿಯ ಲೆಕ್ಕದಂತೆ ಬಿಡಿಬಿಡಿಯಾಗಿ ಜಮೆ ಮಾಡುವ ಈ ಏರ್ಪಾಡು ಮೊದಲು ನಗೆ ತರಿಸಿತು. ಆಮೇಲೆ ಅಷ್ಟು ನಗು ಬರಲಿಲ್ಲ.

ಹುಡುಗನು ನಮ್ಮ ಮನೆಗೆ ಬಂದಿದ್ದ ಕಾರಣವನ್ನು ಹೇಳಬೇಕು. ನಮ್ಮ ಭಾವನವರದು ಇಂಡಿ ತಾಲ್ಲೂಕಿನಲ್ಲಿ ನಿಂಬೆಯ ತೋಟ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಹೆಸರಿದೆ. ಆದರೆ ಹೆಸರಿದ್ದ ಮಾತ್ರಕ್ಕೆ ದರವಿರುತ್ತದೆಯೇ? ಕೆಲವು ವರ್ಷ ಕಾಯಿ ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ. ಅಂಥದರಲ್ಲಿಯೂ ಅವರು ಮಗನನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ಹಾಕಿದರು. ಒಂದು ಸಲ ಬರೆದ, ಆಗಲಿಲ್ಲ. ಮತ್ತೊಂದು ವರ್ಷ ಹಣ ಕಟ್ಟಿ ಮತ್ತೆ ಬರೆಸಿದರು. 720 ಅಂಕಗಳ ಆ ಪರೀಕ್ಷೆಯಲ್ಲಿ ಈ ಸಲ ಮೊದಲಿಗಿಂತ ಎಷ್ಟೋ ಹೆಚ್ಚು ಬಂದಿತು; ಆದರೆ ಸೀಟು ಬರಲಿಲ್ಲ. ಮೂರನೆಯ ವರ್ಷ ಕಳುಹಿಸುವುದೋ ಬಿಡುವುದೋ ಎಂದು ಮನೆಯಲ್ಲಿ ವಾದ ನಡೆಯಿತು. “ಮಾಸ್ತರ, ನೀವ ಒಂದೀಟ ಮಾತಾಡ್ರಿ. ನಮ್ಮ ಕೂಡ ಬಾಯಿ ಬಿಡವಲ್ಲ,” ಎಂದು ಭಾವನವರು ಅವನನ್ನು ಬಸ್ಸು ಹತ್ತಿಸಿದ್ದರು.

ನನ್ನ ಕೂಡವೂ ಅವನು ಬಾಯಿ ಬಿಡಲಿಲ್ಲ. ಬಂದ ಮೂರನೆಯ ದಿನ, “ಹಗಲೆಲ್ಲ ಇದರಾಗ ಏನ ಐತೋ?” ಎಂದು ಕೇಳಿದೆ. ಕಣ್ಣನ್ನು ಮೊಬೈಲಿನಿಂದ ತೆಗೆಯದೆಯೇ, “ಇದರಾಗ ದುಡದದ್ದು ಎಲ್ಲೀ ಹೋಗೂದಿಲ್ರಿ ಮಾಮಾ. ಹೊರಗ ಹಂಗಿಲ್ಲ,” ಎಂದ.

ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಉತ್ತರ ಹೊಳೆಯದ ಪ್ರಸಂಗಗಳು ಕಡಿಮೆಯೇನಲ್ಲ, ಇದು ಅವುಗಳಲ್ಲೊಂದು. ಅಂದಿನಿಂದ ನಾನು ಅವನಿಗೆ ಬುದ್ಧಿ ಹೇಳುವ ಯೋಚನೆಯನ್ನು ಬದಿಗಿಟ್ಟು, ನಾನು ಓದುತ್ತಿದ್ದ ದಿನಗಳಲ್ಲಿ ವಸತಿಗೃಹದ ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಆಡಿ ಬಿಟ್ಟಿದ್ದ ಹಳೆಯ ಆಟವೊಂದನ್ನು ಮತ್ತೆ ಹುಡುಕಿ ತೆಗೆದೆ. ಈ ಬಗೆಯ ಎಲ್ಲ ಜಪಾನೀ ಆಟಗಳಿಗೂ ಮೂಲಪುರುಷನೆನ್ನಬಹುದಾದ ‘ಡ್ರ್ಯಾಗನ್ ಕ್ವೆಸ್ಟ್’ ಅದು.

ಅದು ಹೊರಬಂದದ್ದು 1986ರ ಮೇ 27ರಂದು. ರಚಿಸಿದವನು ಯೂಜಿ ಹೋರಿ. ಆತನು ‘ಶೋನೆನ್ ಜಂಪ್’ ಎಂಬ ವಾರಪತ್ರಿಕೆಗೆ ಬರೆಯುತ್ತಿದ್ದವನೆಂದು ತಿಳಿದರೆ ನಮ್ಮ ವಾಚಕರಿಗೆ ಸಂತೋಷವಾದೀತು. ಅದೇ ಪತ್ರಿಕೆಯಲ್ಲಿ 1984ರಿಂದ ಚಿತ್ರಕಥೆಯೊಂದನ್ನು ಧಾರಾವಾಹಿಯಾಗಿ ಬರೆಯುತ್ತಿದ್ದ ಅಕಿರಾ ತೋರಿಯಾಮನೇ ಆಟದ ಭೂತಗಳಿಗೆ ರೂಪ ಕೊಟ್ಟವನು. ವಾರವಾರವೂ ‘ಮುಂದೇನು?’ ಎಂದು ಕಾಯುವ ಓದುಗರ ಮನಸ್ಸನ್ನು ಬಲ್ಲವರೇ ಈ ಆಟವನ್ನು ಕಟ್ಟಿದರು. ಮೆಟ್ಟಿಲುಗಳ ಕಲ್ಪನೆ ಮಾತ್ರ ಅವರದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದ್ದರು. ಅದರಲ್ಲಿಯೇ ಅನುಭವಾಂಕವೂ ಇತ್ತು, ಮೆಟ್ಟಿಲೂ ಇತ್ತು. ಅದು ಕಂಪ್ಯೂಟರಿಗೆ ಇಳಿದು 1981ರಲ್ಲಿ ‘ವಿಜರ್ಡ್ರಿ’, ‘ಅಲ್ಟಿಮಾ’ ಎಂಬ ಆಟಗಳಾಯಿತು. ಅವುಗಳನ್ನು ಮೆಚ್ಚಿಕೊಂಡ ಹೋರಿಯು, ಮನೆಯ ದೂರದರ್ಶನ ಪೆಟ್ಟಿಗೆಗೆ ಜೋಡಿಸಿ ಮಕ್ಕಳು ಆಡುತ್ತಿದ್ದ ಅಗ್ಗದ ಯಂತ್ರಕ್ಕೆ ಅದೇ ತತ್ತ್ವವನ್ನು ಸರಳಗೊಳಿಸಿ ತಂದ. ಅದುವರೆಗಿನ ಆಟಗಳಲ್ಲಿ ಬೆರಳಿನ ಚಳಕವಿದ್ದವನೇ ಶೂರ. ಇಲ್ಲಿ ಹಾಗಲ್ಲ, ಚಳಕವಿಲ್ಲದವನೂ ತಾಳ್ಮೆಯಿಂದ ಕಾದುತ್ತ ಹೋದರೆ ಇಂದಲ್ಲ ನಾಳೆ ಅವನ ವೀರನು ಬಲಿಯುತ್ತಾನೆ, ಕಥೆಯ ಕೊನೆಯನ್ನು ಕಾಣುತ್ತಾನೆ.

ಲೆಕ್ಕ ಹೇಗಿದೆಯೆಂಬುದನ್ನು ನೋಡಿರಿ. 1989ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಇಂಗ್ಲಿಷ್ ಆವೃತ್ತಿಯ ಅಂಕಿಗಳಿವು. ಆಟದ ಮೊದಲ ಶತ್ರು ‘ಸ್ಲೈಮ್’ ಎಂಬ ಅಂಟುಮುದ್ದೆ. ನೀರಿನ ಹನಿಯ ಆಕಾರ, ಮುಖದ ಮೇಲೊಂದು ನಗು. ಅದನ್ನು ಕೊಂದರೆ ಒಂದು ಅಂಕ. ಏಳು ಅಂಕ ಕೂಡಿದರೆ ಎರಡನೆಯ ಮೆಟ್ಟಿಲು. ಮೂರನೆಯದಕ್ಕೆ ಒಟ್ಟು 23 ಬೇಕು, ನಾಲ್ಕನೆಯದಕ್ಕೆ 47, ಐದಕ್ಕೆ 110, ಆರಕ್ಕೆ 220, ಏಳಕ್ಕೆ 450. ಹತ್ತನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ 2,000. ಅಂದರೆ ಮೊದಲನೆಯ ಏಳು ಅಂಕಕ್ಕೆ ಸಿಕ್ಕಿದ ತುತ್ತೂರಿಯ ದನಿಯನ್ನೇ ಒಂಬತ್ತರಿಂದ ಹತ್ತಕ್ಕೆ ಏರುವಾಗ ಕೇಳಬೇಕಾದರೆ 700 ಅಂಕ ದುಡಿಯಬೇಕು. ಅಂಟುಮುದ್ದೆಗಳನ್ನೇ ಕೊಲ್ಲುತ್ತ ಕುಳಿತರೆ ಆಯುಷ್ಯ ಸಾಲದು. ದೂರ ಹೋಗಿ ಘೋರವಾದ ಶತ್ರುಗಳನ್ನೇ ಎದುರಿಸಬೇಕು. ಬರಿಯ ಲೆಕ್ಕದಿಂದಲೇ ಮನುಷ್ಯನನ್ನು ಮನೆಯಂಗಳದಿಂದ ಹೊರಗೆ ಹೊರಡಿಸುವ ಈ ಉಪಾಯವನ್ನು ನಾನು ಮೆಚ್ಚಿದೆ. ಕೊನೆಯ ಮೆಟ್ಟಿಲು ಮೂವತ್ತನೆಯದು. ಅದರ ಬೆಲೆ 65,535. ಇದೇನು ಈ ವಿಚಿತ್ರ ಸಂಖ್ಯೆ ಎನ್ನುವಿರಾ? ಆ ಯಂತ್ರದಲ್ಲಿ ಅಂಕಗಳನ್ನು ಬರೆದಿಡಲು ಇದ್ದದ್ದು ಸೊನ್ನೆ ಅಥವಾ ಒಂದನ್ನು ಹಿಡಿಸುವ ಹದಿನಾರು ಮನೆಗಳು ಮಾತ್ರ. ಎರಡನ್ನು ಹದಿನಾರು ಸಲ ಗುಣಿಸಿದರೆ 65,536. ಸೊನ್ನೆಯಿಂದ ಎಣಿಸತೊಡಗಿದರೆ ಕೊನೆಯದು 65,535. ಆಚೆಗೆ ಯಂತ್ರಕ್ಕೆ ಎಣಿಸಲು ಬಾರದು. ಆ ಲೋಕದಲ್ಲಿ ಮನುಷ್ಯನ ಅನುಭವದ ಎಲ್ಲೆಯನ್ನು ಗೊತ್ತುಪಡಿಸಿದುದು ತತ್ತ್ವಶಾಸ್ತ್ರವಲ್ಲ, ಜಾಗದ ಅಭಾವ.

ಇನ್ನೆರಡು ಸಂಗತಿಗಳನ್ನು ಹೇಳದೆ ಮುಂದೆ ಹೋಗಲಾರೆ. ವೀರನು ಕಾಳಗದಲ್ಲಿ ಸತ್ತರೆ ಆಟ ಮುಗಿಯುವುದಿಲ್ಲ. ರಾಜನ ಸಮ್ಮುಖದಲ್ಲಿ ಮತ್ತೆ ಕಣ್ಣು ತೆರೆಯುತ್ತಾನೆ. ಗಂಟಿನಲ್ಲಿದ್ದ ಹೊನ್ನು ಅರ್ಧಕ್ಕರ್ಧ ಹೋಗಿರುತ್ತದೆ, ಅನುಭವಾಂಕ ಒಂದೂ ಕಡಿಮೆಯಾಗಿರುವುದಿಲ್ಲ. (ಎರಡು ವರ್ಷದ ತರಬೇತಿಯ ಹಣ ಕಟ್ಟಿದ ತಂದೆಯೊಬ್ಬನಿಗೆ ಇದನ್ನು ಹೇಳಿದರೆ ಆತನು ಏನೆಂದಾನು?) ಮತ್ತೊಂದು: ಜಪಾನಿನ ಮೂಲ ಆವೃತ್ತಿಯಲ್ಲಿ ಅಂದಂದಿನ ಆಟವನ್ನು ಯಂತ್ರವು ನೆನಪಿಡುತ್ತಿರಲಿಲ್ಲ. ರಾಜನು ಇಪ್ಪತ್ತು ಅಕ್ಷರಗಳ ಒಂದು ಮಂತ್ರವನ್ನು ಹೇಳುವನು. ಅದನ್ನು ಕಾಗದದಲ್ಲಿ ಬರೆದುಕೊಂಡು ಮರುದಿನ ಒಪ್ಪಿಸಿದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಒಂದಕ್ಷರ ತಪ್ಪಿ ಬರೆದುಕೊಂಡವನ ದುಡಿಮೆಯೆಲ್ಲ ನೀರಿನಲ್ಲಿ ಹೋಯಿತು. ಓಲೆಗರಿಗಳ ಪಾಠಾಂತರಗಳೊಡನೆ ಗುದ್ದಾಡಿ ಎಂ.ಎ. ಮಾಡಿದ ನನಗೆ ಆ ಜಪಾನೀ ಬಾಲಕರ ದುಃಖ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಅಳಿಯನ ಮಾತಿಗೆ ಇದನ್ನು ಉತ್ತರವಾಗಿ ಹೇಳಿದೆ: “ನೋಡಪಾ, ಇದರಾಗೂ ದುಡದದ್ದು ಹೋಗ್ತಿತ್ತು.” ಅವನು ಮೊದಲ ಸಲ ನಕ್ಕ. “ಬರಕೊಳ್ಳೂದ ನೆಟ್ಟಗ ಬರಕೋಬೇಕಿತ್ರಿ ಮಾಮಾ,” ಎಂದ.

ಮರುದಿನದಿಂದ ಆ ಹಳೆಯ ಆಟವನ್ನು ಅವನು ನನ್ನ ಕಂಪ್ಯೂಟರಿನಲ್ಲಿ ಆಡತೊಡಗಿದ. ನಾನು ಬದಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿರುತ್ತಿದ್ದೆ; ನನ್ನದೂ ಅಂಕ ಹಾಕುವ ಕೆಲಸವೇ.

ಎಲ್ಲ ಆಟಗಳೂ ಈ ಒಂದೇ ಲೆಕ್ಕವನ್ನು ಒಪ್ಪಿಕೊಂಡಿಲ್ಲ. 1988ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ಯ ಎರಡನೆಯ ಕಥೆಯಲ್ಲಿ ಮೆಟ್ಟಿಲುಗಳನ್ನೇ ಕಿತ್ತುಹಾಕಿದ್ದರು. ಕತ್ತಿ ಬೀಸಿದವನಿಗೆ ಕತ್ತಿಯ ಕೈ ಬಲಿಯುತ್ತದೆ, ಮಂತ್ರ ಹೇಳಿದವನಿಗೆ ಮಂತ್ರ ಸಿದ್ಧಿಸುತ್ತದೆ, ಏಟು ತಿಂದವನಿಗೆ ಏಟು ತಾಳುವ ಶಕ್ತಿ ಬರುತ್ತದೆ. ಇದು ನಮ್ಮ ಗರಡಿಮನೆಯ ನ್ಯಾಯ. ಮುದ್ದೇಬಿಹಾಳದ ಕಡೆಯ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನುಣ್ಣಗಿನ ದುಂಡು ಕಲ್ಲು. ಹಿಡಿಯಲು ಒಂದು ಮೂಲೆಯಿಲ್ಲ, ಕಂಡಿಯಿಲ್ಲ. ಕುಕ್ಕುರುಗಾಲಿನಲ್ಲಿ ಕುಳಿತು ಅದನ್ನು ತೆಕ್ಕೆಯಲ್ಲಿ ತಬ್ಬಿ ಮೊದಲು ತೊಡೆಯ ಮೇಲಕ್ಕೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದಕ್ಕೆ ಒಗೆಯಬೇಕು. ಚಿಕ್ಕ ಕಲ್ಲಾದ ಮೇಲೆ ದೊಡ್ಡದು, ದೊಡ್ಡದಾದ ಮೇಲೆ ಅದಕ್ಕಿಂತ ದೊಡ್ಡದು. ನಾನು ಹುಡುಗನಾಗಿದ್ದಾಗ ಒಂದು ಜಾತ್ರೆಯಲ್ಲಿ ಕಂಡ ಪೈಲ್ವಾನನೊಬ್ಬ ಕೊನೆಯ ಕಲ್ಲನ್ನು ಎದೆಯವರೆಗೆ ತಂದು, ಹೆಗಲಿಗೆ ಏರಿಸಲಾರದೆ, ಅಲ್ಲಿಯೇ ಅದನ್ನು ಅಪ್ಪಿಕೊಂಡು ಎಷ್ಟೋ ಹೊತ್ತು ನಿಂತಿದ್ದ. ಜನ ಕೇಕೆ ಹಾಕುವುದನ್ನು ನಿಲ್ಲಿಸಿದರು. ಹಲಗೆಯ ಸದ್ದೂ ನಿಂತಿತು. ಆಮೇಲೆ ಅವನು ಕಲ್ಲನ್ನು ಮೆಲ್ಲಗೆ ಕೆಳಗಿಳಿಸಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟುಹೋದ. ಬೆಳ್ಳಿಯ ಕಡಗ ಇನ್ನೊಬ್ಬನ ಪಾಲಾಯಿತು. ಗೆದ್ದವನ ಮುಖ ನನಗೆ ನೆನಪಿಲ್ಲ.

ಆದರೆ ಗರಡಿಯ ನ್ಯಾಯವನ್ನು ಯಂತ್ರಕ್ಕೆ ಒಪ್ಪಿಸಿದಾಗ ಆದದ್ದೇನು? ಏಟು ತಿಂದಷ್ಟೂ ತಾಳಿಕೆ ಹೆಚ್ಚುವುದೆಂದು ಕಂಡುಕೊಂಡ ಆಟಗಾರರು, ಶತ್ರುವನ್ನು ಒಂದು ಬದಿಗೆ ಬಿಟ್ಟು, ತಮ್ಮ ಸಂಗಡಿಗರನ್ನೇ ತಾವು ಬಡಿಯತೊಡಗಿದರು! ಬೆಳವಣಿಗೆಯನ್ನು ಅಳೆಯಲು ಯಾವ ಕೋಲು ಹಿಡಿದರೂ ಜನ ಬೆಳೆಯುವುದನ್ನು ಬಿಟ್ಟು ಕೋಲನ್ನೇ ತಲಪಲು ಹವಣಿಸುತ್ತಾರೆ. ಮಾರ್ಗದರ್ಶಿಯನ್ನು ಬಾಯಿಪಾಠ ಮಾಡಿ ಬರೆದ ಉತ್ತರಗಳ ಕಟ್ಟು ಆಗ ನನ್ನ ಮೇಜಿನ ಮೇಲೆಯೇ ಇದ್ದುದರಿಂದ ಈ ವಿಷಯದಲ್ಲಿ ಜಪಾನಿನವರನ್ನು ಹಾಸ್ಯ ಮಾಡುವ ಧೈರ್ಯ ನನಗಾಗಲಿಲ್ಲ.

1996ರಲ್ಲಿ ಬಂದ ‘ಪೋಕೆಮಾನ್’ ಎಂಬ ಆಟದ ಹೆಸರನ್ನು ಮಕ್ಕಳಿರುವ ಮನೆಯವರೆಲ್ಲರೂ ಕೇಳಿರುತ್ತಾರೆ. ಅದರಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು ಪಳಗಿಸಿ ನೂರನೆಯ ಮೆಟ್ಟಿಲಿನವರೆಗೆ ಏರಿಸಬಹುದು. ಹೊರಗೆ ಕಾಣದ ಒಂದು ಸಂಗತಿ ಅದರೊಳಗಿದೆ: ಪ್ರತಿಯೊಂದು ಪ್ರಾಣಿಗೂ ದೊರೆಯುವಾಗಲೇ ಸೊನ್ನೆಯಿಂದ ಹದಿನೈದರವರೆಗಿನ ಕೆಲವು ಗುಪ್ತ ಅಂಕಿಗಳು ಅಂಟಿಕೊಂಡಿರುತ್ತವೆ. ಒಂದೇ ಜಾತಿಯ ಎರಡು ಪ್ರಾಣಿಗಳನ್ನು ಒಂದೇ ಸಮನೆ ದುಡಿಸಿ ನೂರಕ್ಕೆ ಏರಿಸಿದರೂ ಹುಟ್ಟಿನ ಅಂಕಿ ಕಡಿಮೆಯಿದ್ದದ್ದು ಕೊನೆಯವರೆಗೂ ಒಂದು ಕೈ ಕಡಿಮೆಯೇ. ಮೊದಲ ಆಟಗಳಲ್ಲಿ ಆ ಅಂಕಿಯನ್ನು ಬದಲಿಸುವ ಉಪಾಯವೇ ಇರಲಿಲ್ಲ. ಇದನ್ನು ಅಳಿಯನ ಬಾಯಿಂದ ಕೇಳಿದಾಗ ನನಗೆ ಕಸಿವಿಸಿಯಾಯಿತು. ಮಕ್ಕಳ ಆಟದೊಳಗೂ ಹುಟ್ಟಿನ ಪಟ್ಟಿ! ಹುಟ್ಟಿನ ಲೆಕ್ಕವನ್ನೇ ತಳ್ಳಿಹಾಕಿ, ಮಡಿವಾಳ, ಅಂಬಿಗ, ಹಡಪದ, ಮಾದಾರರನ್ನು ಒಂದೇ ಮಂಟಪದಲ್ಲಿ ಕೂಡಿಸಿದ ಹನ್ನೆರಡನೆಯ ಶತಮಾನದವರಿಗೆ ಇದನ್ನು ಹೇಳಿದ್ದರೆ?

ಅವರಲ್ಲಿಯೂ ಮೆಟ್ಟಿಲುಗಳಿದ್ದವು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಇವೇ ಆರು ಸ್ಥಲಗಳು. ಇವಕ್ಕೆ ಶಾಸ್ತ್ರದ ಕಟ್ಟು ಕೊಟ್ಟವರು ಚೆನ್ನಬಸವಣ್ಣನವರು. ಮುಂದೆ ಹದಿನೈದನೆಯ ಶತಮಾನದ ಗ್ರಂಥಕಾರರು ಇವನ್ನು ವಿಸ್ತರಿಸಿ ನೂರೊಂದು ಸ್ಥಲಗಳ ಪಟ್ಟಿ ಮಾಡಿದರು. ಮೇಲುನೋಟಕ್ಕೆ ಇದೂ ಏಣಿಯೇ. ಆದರೆ ಒಂದೊಂದು ಸ್ಥಲದೊಳಗೂ ಉಳಿದ ಐದು ಅಡಗಿವೆಯೆಂದು, ಹೀಗೆ ಆರಾರಲಿ ಮೂವತ್ತಾರೆಂದು ಹೇಳುವ ಸಂಪ್ರದಾಯವೂ ಇದೆ. ಕೆಳಗಿನ ಮೆಟ್ಟಿಲಿನ ಮೇಲೆ ನಿಂತ ಭಕ್ತನೊಳಗೆ ಐಕ್ಯನು ಆಗಲೇ ಇದ್ದಾನೆ ಎಂದಮೇಲೆ ಮೇಲು ಯಾವುದು, ಕೆಳಗು ಯಾವುದು? ಆಟದ ವೀರನು ಮೂವತ್ತನೆಯ ಮೆಟ್ಟಿಲಿನಲ್ಲಿ 65,535 ಅಂಕಗಳನ್ನು ಹೊತ್ತು ನಿಲ್ಲುತ್ತಾನೆ. ಐಕ್ಯಸ್ಥಲದಲ್ಲಿ ಅಂಕವನ್ನು ಯಾರ ಹೆಸರಿಗೆ ಬರೆಯೋಣವೆಂದರೆ ಆ ಹೆಸರಿನವನೇ ಉಳಿದಿರುವುದಿಲ್ಲ. ಇಷ್ಟನ್ನು ಉತ್ಸಾಹದಿಂದ ವಿವರಿಸಿದಾಗ ಅಳಿಯನು, “ಹಂಗಾದ್ರ ಪರೀಕ್ಷಾ ಹ್ಯಾಂಗ ಮಾಡ್ತಿದ್ರ್ರಿ?” ಎಂದು ಕೇಳಿದ. ಅವನ ಊರಿಗೆ ಹತ್ತಿರದ ಸಾಲೋಟಗಿಯ ಶಾಸನದ ನೆನಪಾಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ನೆಯ ಇಸವಿಯ ಆ ಶಾಸನದಲ್ಲಿ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆಂದು ಕಟ್ಟಿದ ಶಾಲೆಯ ವಿವರವಿದೆ. ಅವರ ವಸತಿಗೆ ಇಪ್ಪತ್ತೇಳು ನಿವೇಶನ, ರಾತ್ರಿಯ ದೀಪದ ಖರ್ಚಿಗೂ ಪ್ರತ್ಯೇಕವಾಗಿ ಭೂಮಿ. ದೀಪದ ಎಣ್ಣೆಯನ್ನು ಮರೆಯದ ಆ ದಾನಿಯು ಹುಡುಗರ ಅಂಕಗಳನ್ನು ಕಲ್ಲಿನಲ್ಲಿ ಕೊರೆಸುವ ಗೋಜಿಗೆ ಹೋಗಲಿಲ್ಲ.

ಏಣಿಯ ಆಟ ನಮಗೂ ಹೊಸದೇನಲ್ಲ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಹಿರಿಯರು ಆಡುತ್ತಿದ್ದ ಪರಮಪದ ಸೋಪಾನಪಟ ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಸಿಕ್ಕೀತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಹೊಸ ಹೊಸ ಪಟಗಳನ್ನು ರಚಿಸುವುದೇ ಒಂದು ವಿನೋದ. ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೊಂದು ಆಟಗಳಿಗೇ ಮೀಸಲು. ಆದರೆ ಸೋಪಾನಪಟದಲ್ಲಿ ಏಣಿಯಷ್ಟೇ ಅಲ್ಲ, ಹಾವೂ ಇದೆ. ತೊಂಬತ್ತು ಮನೆ ದಾಟಿದವನೂ ಒಂದು ದಾಳದಿಂದ ಬುಡಕ್ಕೆ ಬಂದು ಬೀಳಬಹುದು. ನನ್ನ ತಾಯಿಯವರಿಗೆ ಜಪಾನೀ ಆಟವನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, “ಇದರಾಗ ಹಾವ ಎಲ್ಲಿ ಅದಾವೋ?” ಎಂದರು. ಇಲ್ಲವೆಂದೆ. “ಹಂಗಾದ್ರ ಎಂಥಾ ಆಟ ಇದು,” ಎಂದು ಎದ್ದುಹೋದರು. ಮಳೆಯನ್ನೂ ದರವನ್ನೂ ನೋಡುತ್ತ ಒಕ್ಕಲುತನ ಮಾಡಿದ ಮನೆತನದ ಹೆಣ್ಣುಮಗಳ ವಿಮರ್ಶೆಯದು.

ಇತ್ತ ಹುಡುಗನು ಹಳೆಯ ಆಟದಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು ಏರುತ್ತಿದ್ದ. ಆ ಕಥೆಯಲ್ಲೊಂದು ಸೊಗಸಿದೆ. ವೀರನು ಮೊದಲ ದಿನ ಅರಮನೆಯಿಂದ ಹೊರಬಿದ್ದೊಡನೆಯೇ ನೀರಿನ ಆಚೆಗೆ ಶತ್ರುವಿನ, ಆ ಘಟಸರ್ಪಗಳ ಒಡೆಯನ, ಕೋಟೆ ಕಣ್ಣೆದುರಿಗೆ ಕಾಣುತ್ತದೆ. ನಡುವೆ ಇರುವುದು ಸಣ್ಣದೊಂದು ಕಾಲುವೆಯಷ್ಟು ನೀರು. ಆದರೆ ಅದನ್ನು ದಾಟುವ ಸೇತುವೆಗಾಗಿ ಇಡೀ ದೇಶವನ್ನು ಸುತ್ತಿ ಬರಬೇಕು. ಇಪ್ಪತ್ತನೆಯ ಮೆಟ್ಟಿಲಿನ ಸುಮಾರಿಗೆ ಬಂದವನು ಆ ಒಡೆಯನನ್ನು ಗೆಲ್ಲಬಲ್ಲ. ನಮ್ಮವನು ಇಪ್ಪತ್ತನ್ನು ದಾಟಿದ, ಇಪ್ಪತ್ತೆರಡನ್ನು ದಾಟಿದ. ಸೇತುವೆ ಸಿಕ್ಕಿತ್ತು, ಕತ್ತಿ ಸಿಕ್ಕಿತ್ತು. ಆದರೂ ಕೋಟೆಯ ಬಾಗಿಲಿನವರೆಗೆ ಹೋಗುವನು, ತಿರುಗಿ ಬಂದು ಬಯಲಿನಲ್ಲಿ ಅಂಕ ಗಳಿಸುವನು.

“ಯಾಕೋ?” ಎಂದೆ.

“ಇನ್ನೊಂದೀಟ ಗಟ್ಟಿ ಆಗ್ತೀನ್ರಿ. ಸೋತ್ರ?”

“ಸೋತ್ರ ಅರ್ಧ ರೊಕ್ಕ ಹೋಗ್ತಾವ, ಅಷ್ಟ.”

ಅವನು ಉತ್ತರಿಸಲಿಲ್ಲ. ಇಪ್ಪತ್ತೈದಾಯಿತು, ಇಪ್ಪತ್ತೆಂಟಾಯಿತು. 1999ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ಯ ಎಂಟನೆಯ ಕಥೆಯಲ್ಲಾಗಿದ್ದರೆ ಇವನ ಉಪಾಯ ನಡೆಯುತ್ತಿರಲಿಲ್ಲ, ಅಲ್ಲಿ ವೀರರು ಏರಿದಂತೆಲ್ಲ ಶತ್ರುಗಳೂ ಏರುತ್ತಾರೆ. ನಮ್ಮ ಪ್ರವೇಶ ಪರೀಕ್ಷೆಗಳ ರೀತಿಯೂ ಅದೇ ಅಲ್ಲವೇ? ಇವನು ಕಳೆದ ವರ್ಷಕ್ಕಿಂತ ಹೆಚ್ಚು ಅಂಕ ತಂದ. ದೇಶದ ಉಳಿದ ಹುಡುಗರೂ ತಂದಿದ್ದರು. ಈ ಮಾತನ್ನು ನಾನು ಅವನಿಗೆ ಹೇಳಲಿಲ್ಲ. ಹೇಳದೆಯೇ ಅವನಿಗೆ ಗೊತ್ತಿತ್ತು.

ಒಂದು ಶನಿವಾರ ರಾತ್ರಿ ತುತ್ತೂರಿಯ ದನಿ ಕೇಳಿ ನೋಡಿದರೆ ಮೂವತ್ತನೆಯ ಮೆಟ್ಟಿಲು. ಇನ್ನು ಏರುವುದಕ್ಕೆ ಜಾಗವಿಲ್ಲ. ಪ್ರತಿ ಸಲವೂ ರಾಜನ ಬಳಿಗೆ ಹೋದರೆ, ಮುಂದಿನ ಮೆಟ್ಟಿಲಿಗೆ ಇಂತಿಷ್ಟು ಅಂಕ ಬೇಕೆಂದು ಆತನು ತಿಳಿಸುವುದು ವಾಡಿಕೆ. ಅಭ್ಯಾಸಬಲದಿಂದ ಹುಡುಗನು ರಾಜನ ಬಳಿಗೆ ಹೋದ. ಈ ಸಲ ರಾಜನು ಅಂಕದ ಮಾತೆತ್ತಲಿಲ್ಲ. ಬೇಕಾದಷ್ಟು ಬಲ ಬಂದಿರುವಾಗ ಆ ಒಡೆಯನನ್ನು ಇನ್ನೂ ಗೆಲ್ಲದಿರುವುದೇಕೆ ಎಂದು ಕೇಳಿದ. ಮೂವತ್ತನೆಯ ಮೆಟ್ಟಿಲನ್ನು ನಾನು ಒಮ್ಮೆಯೂ ತಲಪಿರಲಿಲ್ಲವಾದ್ದರಿಂದ ಆಟದಲ್ಲಿ ಹೀಗೊಂದು ಮಾತಿದೆಯೆಂಬುದು ನನಗೂ ತಿಳಿದಿರಲಿಲ್ಲ. ಹುಡುಗನು ಆ ಸಾಲನ್ನು ಎರಡು ಸಲ ಓದಿದ. ಅಂದು ರಾತ್ರಿಯೇ ಕೋಟೆಗೆ ಹೋದ. ಕಾಳಗ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಇಷ್ಟು ಸುಲಭವೆಂದು ಅವನೂ ಎಣಿಸಿರಲಿಲ್ಲವೆಂದು ತೋರುತ್ತದೆ. ಕಂಪ್ಯೂಟರನ್ನು ಆರಿಸಿ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದ.

“ಮಾಮಾ, ಅಪ್ಪಗ ನೀವ ಹೇಳ್ರಿ. ಈ ವರ್ಷ ನಾ ಕೋಚಿಂಗಿಗೆ ಹೋಗೂದಿಲ್ಲ.”

“ಮತ್ತೇನ ಮಾಡಾಂವ?”

“ಬಿ.ಎಸ್ಸಿ.ಗೆ ಹಚ್ಚತೀನಿ. ವಿಜಯಪುರದಾಗ ಆದ್ರೂ ಅಡ್ಡಿಯಿಲ್ಲ, ಇಲ್ಲೇ ಆದ್ರೂ ಅಡ್ಡಿಯಿಲ್ಲ.”

ಮರುದಿನ ಬೆಳಗ್ಗೆ ಭಾವನವರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ತೋಟದಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದ ದನಿ ಮಾತ್ರ ಕೇಳಿಸುತ್ತಿತ್ತು. ಆಮೇಲೆ, “ಆಗಲಿ ಬಿಡ್ರಿ,” ಎಂದರು. “ಸೋಮವಾರ ಕಾಯಿ ಬಿಡಸೂದೈತಿ. ಆಳು ಸಿಗವಲ್ಲವು. ಅವಂಗ ನಾಳಿ ಮೊದಲ ಬಸ್ಸಿಗೆ ಕಳಸ್ರಿ.”